ಹೊಟ್ಟೆನೋವಿನ ಆಟ

“ಅಕ್ಕಾ, ಹೊಟ್ಟೆ ನೋಯ್ತಿದೆ.”

ಅಕ್ಕ ಕನ್ನಡಿ ಮುಂದೆ ನಿಂತು ಬಿಳಿ ಯೂನಿಫಾರ್ಮಿಗೆ ಪಿನ್ ಹಾಕುತ್ತಿದ್ದಳು. ಬಿ.ಎಸ್ಸಿ. ನರ್ಸಿಂಗ್‌ನ ಪ್ರಾಕ್ಟಿಕಲ್ ಪರೀಕ್ಷೆ ಅವತ್ತೇ.

“ಎಲ್ಲಿ?” ಎಂದಳು, ತಿರುಗದೆ.

“ಮೊದ್ಲು ಹೊಕ್ಕಳ ಹತ್ರ ಇತ್ತು. ಈಗ ಬಲಗಡೆ, ಕೆಳಗೆ.”

“ವಾಂತಿ?”

“ಒಂದ್ಸಲ ಆಯ್ತು.”

ಅಕ್ಕ ಚಪ್ಪಾಳೆ ತಟ್ಟಿದಳು. “ಅಪೆಂಡಿಸೈಟಿಸ್! ನಂಗೆ ಫುಲ್ ಮಾರ್ಕ್ಸ್! ಏ ಸೊಳ್ಳೆ, ಇವತ್ತು ಸೂಪರಾಗಿ ಆಕ್ಟ್ ಮಾಡ್ದೆ!”

ಸದಾ ಕಿವಿ ಹತ್ತಿರ ಗುಂಯ್‌ಗುಡುವ ತಂಗಿಗೆ ಅಕ್ಕ ಇಟ್ಟ ಹೆಸರು ಸೊಳ್ಳೆ. ಪರೀಕ್ಷೆ ಹತ್ತಿರ ಬಂದಾಗಿನಿಂದ ಇಬ್ಬರಿಗೂ ಇದೇ ಆಟ. ಸೊಳ್ಳೆ ಅಕ್ಕನ ದಪ್ಪ ಪುಸ್ತಕದಿಂದ ಒಂದು ಕಾಯಿಲೆ ಆರಿಸಿಕೊಂಡು ನರಳಬೇಕು. ಅಕ್ಕ ಪ್ರಶ್ನೆ ಕೇಳಿ ಕೇಳಿ ಅದರ ಹೆಸರು ಹೇಳಬೇಕು. ಸೊಳ್ಳೆಯೇನು ಕಡಿಮೆ ಕಳ್ಳಿಯೇ? ಆಸ್ತಮಾ ಆಡಿದ ದಿನ ಅಮ್ಮನೇ ಗಾಬರಿಬಿದ್ದು ಓಡಿಬಂದಿದ್ದಳು.

“ಆಟ ಅಲ್ಲಕ್ಕಾ, ನಿಜವಾಗ್ಲೂ!”

“ನಿನ್ನೆ ಕಿಡ್ನಿ ಸ್ಟೋನ್‌ಗೂ ಹಿಂಗೇ ಅಂದೆ. ನಡಿ ನಡಿ, ನನ್ ಬಸ್ ಹೋಗ್ಬಿಡತ್ತೆ.”

ಅಮ್ಮ ಆಗಲೇ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿಯಾಗಿತ್ತು. ಅಕ್ಕ ತಂಗಿಯ ಹೆಗಲಿಗೆ ಬ್ಯಾಗ್ ಏರಿಸಿ, ಸ್ಕೂಲ್ ಗೇಟಿನವರೆಗೂ ದರದರ ಎಳೆದುಕೊಂಡು ಹೋದಳು. ಸೊಳ್ಳೆ ಹೊಟ್ಟೆ ಹಿಡಿದುಕೊಂಡು ಬಗ್ಗಿ ನಡೆಯುತ್ತಿದ್ದಳು.

“ನಡಿಗೆ ಕೂಡ ಕರೆಕ್ಟ್!” ಎಂದು ಅಕ್ಕ ನಕ್ಕಳು. ಸೊಳ್ಳೆಗೆ ಅಳುವೇ ಬಂತು.

ಎರಡನೇ ಪೀರಿಯಡ್‌ನಲ್ಲಿ ಅವಳು ಬೆಂಚಿನಿಂದ ಜಾರಿ ಬಿದ್ದಳು. ಟೀಚರ್ ಓಡಿಬಂದು ಹಣೆ ಮುಟ್ಟಿದರು. “ಅಯ್ಯಯ್ಯೋ, ಮೈ ಕೆಂಡ ಆಗಿದೆ! ಮನೇಲಿ ಯಾರೂ ನೋಡ್ಲಿಲ್ವಾ?”

“ನಮ್ಮಕ್ಕ ನರ್ಸಿಂಗ್ ಓದ್ತಿದಾಳೆ ಮಿಸ್,” ಎಂದಳು ಸೊಳ್ಳೆ.

ಆಮೇಲೆ ಎಚ್ಚರವಾದದ್ದು ಆಸ್ಪತ್ರೆಯಲ್ಲಿ. ಆಪರೇಷನ್ ಮುಗಿದಿತ್ತು. ಅಪೆಂಡಿಕ್ಸ್ ಒಳಗೇ ಒಡೆದುಹೋಗಿತ್ತಂತೆ. ಹೊಟ್ಟೆಯಿಂದ ಒಂದು ಸಣ್ಣ ಟ್ಯೂಬ್ ಹೊರಗೆ ಬಂದಿತ್ತು.

“ಬೆಳಿಗ್ಗೇನೇ ಕರ್ಕೊಂಡು ಬಂದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ,” ಎಂದು ಡಾಕ್ಟರ್ ಅಮ್ಮನಿಗೆ ಹೇಳುತ್ತಿದ್ದರು. ಅಮ್ಮ ತಲೆ ಎತ್ತಲಿಲ್ಲ.

ಸಂಜೆ ಅಕ್ಕ ಬಂದಳು. ಮೈಮೇಲೆ ಅದೇ ಯೂನಿಫಾರ್ಮ್.

“ಪರೀಕ್ಷೆ ಹೇಗಾಯ್ತಮ್ಮಾ?” ಎಂದಳು ಅಮ್ಮ. ಆ ದನಿ ಕೇಳಿ ಸೊಳ್ಳೆಗೇ ಭಯವಾಯಿತು.

“ಚೆನ್ನಾಗಾಯ್ತು.” ಅಕ್ಕ ನೆಲ ನೋಡುತ್ತ ಹೇಳಿದಳು. “ನಂಗೆ ಕೊಟ್ಟಿದ್ದೂ ಹೊಟ್ಟೆನೋವಿನ ಪೇಷಂಟೇ. ನಿನ್ನ ಕೈ ತುಂಬಾ ಮೃದು ಅಂತ ಮೇಡಂ ಹೊಗಳಿದ್ರು.”

“ಅವ್ರ ಹೊಟ್ಟೆ ಮುಟ್ಟಿ ನೋಡ್ದೆ ತಾನೇ?” ಎಂದಳು ಸೊಳ್ಳೆ. “ನಂದು ಯಾಕೆ ಮುಟ್ಲಿಲ್ಲ?”

ಅಕ್ಕ ಮಂಚದ ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು.

“ಈಗ್ಲೂ ನೋಯ್ತಿದ್ಯಾ, ಪುಟ್ಟಾ?” ಎಂದು ಕೊನೆಗೆ ಕೇಳಿದಳು.

ಇಲ್ಲ ಅಂದುಬಿಟ್ಟರೆ ಅಕ್ಕನ ಅಳು ನಿಲ್ಲುತ್ತದೆ. ಅದು ಸೊಳ್ಳೆಗೆ ಗೊತ್ತಿತ್ತು. ಅಷ್ಟು ನಟಿಸುವುದು ಅವಳಿಗೆ ಕಷ್ಟವೂ ಆಗಿರಲಿಲ್ಲ.

“ಹೂಂ,” ಎಂದಳು ಸೊಳ್ಳೆ. “ತುಂಬಾ ನೋಯ್ತಿದೆ.”