ಡೆಕ್ಕಿಗೆ ಬಾಯಿ ಹಚ್ಚಿ ಅಂದ ಹೂಂ

ಹಿಂದೆ ಜೀಪು. ಎಡಕ್ಕೆ ಕಾಲುವೆ. ಬಲಕ್ಕೆ ಆಳೆತ್ತರದ ಕಬ್ಬು.

ನನ್ನ ಸ್ಕೂಟಿಯ ಹಿಂದಿನ ಸೀಟಿನಲ್ಲಿ ಕಬ್ಬು ಕಡಿಯುವ ಮುದುಕಿ ಕೆಂಚವ್ವ.

"ಶೈಲಾ, ಅಂವಾ ಹತ್ರ ಬಂದ."

"ಗಟ್ಟಿ ಹಿಡ್ಕೋ ಅವ್ವಾ."

ಕನ್ನಡಿಯಲ್ಲಿ ಕುಣಾಲನ ಮುಖ. ಕಬ್ಬು ಸಾಗಿಸುವ ಗುತ್ತಿಗೆದಾರ ರಾವಸಾಹೇಬನ ಬಂಟ. ಒಂದು ಕೈ ಸ್ಟೇರಿಂಗಿನ ಮೇಲೆ. ಇನ್ನೊಂದರಲ್ಲಿ ಫೋನು... ಕಿವಿಗೆ! ಧಣಿಯ ಆರ್ಡರ್ ಕೇಳುತ್ತಿದ್ದ.

ಆಕ್ಸಿಡೆಂಟ್ ಕೇಸಿಗೆ ಸಾಕ್ಷಿ ಹುಡುಕುವುದು ನನ್ನ ಕಸುಬು. ಈ ಸಲ ಸತ್ತವನು ರಾವಸಾಹೇಬನ ಟ್ರ್ಯಾಕ್ಟರ್ ಡ್ರೈವರ್ ಅರ್ಬಾಜ. ಸತ್ತಿ ಊರಿನ ತಿರುವಿನಲ್ಲಿ ಎರಡು ಟ್ರೇಲರ್ ಕಬ್ಬಿನ ಸಮೇತ ಉರುಳಿದ.

ಕೈಯಲ್ಲಿ ಫೋನ್ ಹಿಡಿದು ಹೆಂಡತಿ ಜೊತೆ ಹರಟುತ್ತಿದ್ದ, ಅದಕ್ಕೇ ಸತ್ತ ಎಂದು ರಾವಸಾಹೇಬ ಊರೆಲ್ಲ ಸಾರಿದ. ಫೋನ್ ಹಿಡಿದು ಗಾಡಿ ಓಡಿಸುವುದು ಅಪರಾಧ ತಾನೇ? ತಪ್ಪು ಸತ್ತವನ ತಲೆಗೆ. ಪರಿಹಾರ ಕಾಲುವೆಗೆ. ಧಣಿಯ ಅಂಗಿಗೆ ಒಂದು ಕಲೆಯೂ ಇಲ್ಲ!

ಇದಕ್ಕೆ ಸಾಕ್ಷಿ ಯಾರು ಗೊತ್ತೇ? ಹೆಂಡತಿ ಮುಬೀನಾ!

ತಾನು ಫೋನ್ ಮಾಡಿದ್ದು ನಿಜ, ಗಂಡ 'ಹೂಂ' ಅಂದದ್ದೂ ನಿಜ ಎಂದು ಪೊಲೀಸರ ಮುಂದೆ ಅವಳೇ ಹೇಳಿದ್ದಳು. ಆಮೇಲೆ ಫೋನು ಮುಟ್ಟಿಲ್ಲ. ಗಂಡನನ್ನು ಕೊಂದವಳು ತಾನೇ ಎಂದು ನಂಬಿ ಕೂತಿದ್ದಾಳೆ.

ನಿಪ್ಪಾಣಿ ಪೇಟೆಯಲ್ಲಿ ಹತ್ತು ತರದ್ದು ನೋಡಿ, ಫೋನ್ ಹಿಡಿಯದೆ ಮಾತಾಡಲೆಂದು ಅವನಿಗೊಂದು ನೆಕ್‌ಬ್ಯಾಂಡ್ ಆರಿಸಿ ತಂದವಳೂ ಅವಳೇ. ಟ್ರ್ಯಾಕ್ಟರಿನ ಗದ್ದಲದಲ್ಲಿ ಅದು ಕೇಳಿಸಲಿಲ್ಲ. ನಮ್ಮ ಕಬ್ಬಿನ ಡ್ರೈವರುಗಳ ಶೋಕಿ ಗೊತ್ತಲ್ಲ... ಟ್ರ್ಯಾಕ್ಟರಿಗೆ ಮದುವೆ ಮನೆಯಂಥ ಸೌಂಡ್ ಬಾಕ್ಸು! ಅರ್ಬಾಜ ಫೋನನ್ನು ಅದರ ಮೈಕಿದ್ದ ಡೆಕ್ಕಿಗೇ ಬ್ಲೂಟೂತಿನಲ್ಲಿ ಜೋಡಿಸಿದ. ಕಾಲ್ ಬಂದರೆ ಡೆಕ್ಕು ತಾನೇ ಎತ್ತಿಕೊಳ್ಳಬೇಕು. ಕೈ ಸ್ಟೇರಿಂಗ್ ಬಿಡಬಾರದು.

ಮುಬೀನಾ "ಖಾನಾ ಹುವಾ?" ಎಂದು ಕೇಳಿದರೆ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗೆಲ್ಲ "ಊಟ ಆತವಾ!" ಎಂದು ಕೂಗಿ ನಗುತ್ತಿತ್ತು.

ಆ ದಿನವೂ ತಿರುವಿನ ಪಕ್ಕದ ಹೊಲದಲ್ಲಿದ್ದ ಗ್ಯಾಂಗಿಗೆಲ್ಲ ಕೇಳಿಸಿತು. ಮೊದಲು ರಾವಸಾಹೇಬನ ದನಿ. "ಮುಂದಿನ ಗಾಡಿ ದಾಟಲೇ. ಫ್ಯಾಕ್ಟರಿ ಪಾಳಿ ತಪ್ತೈತಿ."

ಅರ್ಬಾಜ ದಾಟಿದ. ಉರುಳಿದ.

ಬಾಯಿ ಬಿಟ್ಟವರಿಗೆ ಈ ಸೀಮೆಯಲ್ಲಿ ಕೆಲಸವಿಲ್ಲ ಎಂದು ರಾವಸಾಹೇಬ ಬೆದರಿಸಿದ. ಎಲ್ಲರೂ ಮೂಕರಾದರು. ಕೆಂಚವ್ವ ಒಬ್ಬಳು ಸ್ಕೂಟಿ ಹತ್ತಿದಳು.

ಟಣ್!

ಜೀಪು ಹಿಂದಿನ ಚಕ್ರಕ್ಕೆ ತಗುಲಿತು. ಸ್ಕೂಟಿ ಓಲಾಡಿತು. ತಿರುವಿನಲ್ಲಿ ಎದುರಿಗೆ ಕಬ್ಬಿನ ಟ್ರೇಲರ್... ನಾನು ಪಕ್ಕದ ಸಂದಿಯಲ್ಲಿ ನುಗ್ಗಿದೆ. ಕುಣಾಲನಿಗೆ ಆ ಕ್ಷಣ ಎರಡು ಕೈ ಬೇಕಿತ್ತು.

ಇದ್ದದ್ದು ಒಂದೇ!

ಜೀಪು ಕಾಲುವೆಗೆ ಬಿತ್ತು. ಕುಣಾಲ ಎದೆಮಟ್ಟದ ನೀರಿನಲ್ಲಿ ಎದ್ದು ನಿಂತ. ಫೋನು ಕೈಯಲ್ಲೇ ಇತ್ತು.

"ಹಲೋ ಅನ್ನಲೇ," ಕೆಂಚವ್ವ ಹಿಂತಿರುಗಿ ಹೇಳಿದಳು. "ನಿಮ್ಮ ಧಣಿ ಕಾಯಾಕತ್ತಾನ."

ಅಥಣಿ. ಮುಬೀನಾಳ ಮನೆ.

ರಾವಸಾಹೇಬನ ಕರೆಯ ವಿಷಯ ಕೆಂಚವ್ವ ಪೂರ್ತಿ ಹೇಳಿದಳು. ಮುಬೀನಾ ತಲೆಯಾಡಿಸಿದಳು. ನಂಬಲಿಲ್ಲ.

"ಮತ್ತ ನನ್ನ ಕಾಲ್? ಅವರು ಹೂಂ ಅಂದ್ರಲ್ರಿ."

ಕೆಂಚವ್ವ ನನ್ನ ಮುಖ ನೋಡಿದಳು. ಅವಳು ಅದನ್ನು ಹೇಳದಿದ್ದರೆ ಕೇಸು ನಿಲ್ಲುವುದಿಲ್ಲ. ಹೇಳು ಎಂದು ನಾನೇ ಸನ್ನೆ ಮಾಡಿದೆ.

"ನಿನ್ನ ಫೋನ್ ಬಂದಾಗ ಅಂವಾ ಕಬ್ಬಿನ ಬುಡಕ ಇದ್ದ, ಮಗಳ. ಉಸಿರು ಹೋಗಿತ್ತ. ಡೆಕ್ ಒಂದ ಚಾಲೂ ಇತ್ತ. ನೀ ಖಾನಾ ಹುವಾ, ಖಾನಾ ಹುವಾ ಅಂತ ಕೇಳಾಕತ್ತಿದ್ದಿ... ದಿನಾ ನಿನಗ ಜವಾಬ್ ಕೊಡೋ ಮಂದಿ, ಅವತ್ತ ಯಾರೂ ಬಾಯಿ ತಗೀಲಿಲ್ಲ. ನನಗ ತಡಕೊಳ್ಳಾಕ ಆಗಲಿಲ್ಲ. ಡೆಕ್ಕಿಗೆ ಬಾಯಿ ಹಚ್ಚಿ, ನಾನ ಹೂಂ ಅಂದ್ನಿ."

ತಂಬಾಕಿನಿಂದ ಒಡೆದ, ಗಂಡಸಿನಂಥ ದನಿ ಅವಳದು.

ಮುಬೀನಾ ಅಳಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ್ದ ನೆಕ್‌ಬ್ಯಾಂಡ್ ತೆಗೆದಳು. ಕೈಯಲ್ಲಿ ಹಿಡಿದು ಕೂತಳು. ಆಮೇಲೆ ಕಣ್ಣು ಮುಚ್ಚಿದಳು.

"ಇನ್ನೊಮ್ಮೆ ಅನ್ರಿ, ಅವ್ವಾ."

ಕೆಂಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕೇಸು ಗೆಲ್ಲುತ್ತೇವೆ ಬಿಡಿ. ಅರ್ಬಾಜನ ಕೈಯಲ್ಲಿ ಫೋನ್ ಇರಲಿಲ್ಲ ಎಂದು ಕೋರ್ಟೂ ಒಪ್ಪುತ್ತದೆ.

ಆದರೆ ಗಂಡನ ಕೊನೆಯ ಹೂಂ ಅವಳಿಂದ ಕಿತ್ತುಕೊಂಡವಳು ನಾನೇ. ಪೇಢೆ ಹಂಚಲು ಮಾತ್ರ ಆ ಮನೆಗೆ ಬೇರೆ ಯಾರನ್ನಾದರೂ ಕಳಿಸಿ!