ಹಿತ್ತಾಳೆಗೂದಲಿನ ಕಲ್ಲು

"ಕೈ ಚಾಚಿ. ಉಸಿರು ಮಾತ್ರ ಮೆಲ್ಲಗೆ ಬಿಡಿ."

ಅವಳು ಚಾಚಿದಳು. ಅಂಗೈ ಮೇಲೆ ಕಲ್ಲೊಂದು ಕೂತಿತು. ಅದರ ಪೊಟರೆಯಿಂದ ಹಿತ್ತಾಳೆ ಬಣ್ಣದ ಕೂದಲು ಹೊರಟಿತ್ತು... ಅವಳ ಉಸಿರು ತಾಗಿದ್ದೇ ತಡ, ಎಳೆ ಎಳೆಯೂ ನಡುಗಿತು.

"ಜೀವ ಇದೆಯಾ ಇದಕ್ಕೆ?"

"ಗಣಿಯೊಳಗೆ ನನಗೂ ಹಾಗೇ ಅನ್ನಿಸ್ತು. ಜೊತೇಲಿ ಚೀಟಿ ಇದೆ ಮೇಡಂ, ಓದಿ."

ಕೆಲಸ ನಿಂತುಹೋದ ಗಣಿಗಳೊಳಗೆ ನುಸುಳಿ ಅಪರೂಪದ ಕಲ್ಲು ಹುಡುಕುವ ಅವನಿಗೆ ಎಲ್ಲರೂ ಬಾವಲಿ ಅನ್ನುತ್ತಿದ್ದರು. ಒಂದು ವರ್ಷದಿಂದ ವಾರಕ್ಕೊಂದು ಕಲ್ಲು ಹಿಡಿದು ವಸ್ತುಸಂಗ್ರಹಾಲಯದ ನೆಲಮಾಳಿಗೆಗೆ ಬರುತ್ತಿದ್ದ. ಅಲ್ಲಿ ಕಲ್ಲು ಪರೀಕ್ಷಿಸುವ ಕೆಲಸ ಅವಳದು. ಅವನ ಬೂಟಿನ ಸದ್ದು ಮೆಟ್ಟಿಲಲ್ಲಿ ಕೇಳಿದರೆ ಅವಳ ಕೈ ತಾನಾಗಿ ಮುಂಗುರುಳು ಸರಿಮಾಡುತ್ತಿತ್ತು. ಒಪ್ಪಿಕೊಳ್ಳುತ್ತಿದ್ದಳೇ? ಸತ್ತರೂ ಇಲ್ಲ.

ಅದಕ್ಕೇ ಆವತ್ತು ದೊಡ್ಡ ತಪ್ಪು ಮಾಡಿದಳು. 'ಅವನ ಕಲ್ಲು ಮೊದಲು ನೋಡಿದರೆ ಜನ ಏನಂದುಕೊಂಡಾರು?' ಎಂದು ಚೀಟಿಯನ್ನೂ ಬಿಡಿಸದೆ, ಕಲ್ಲಿನ ಸಮೇತ ಸಾಲಿನ ಕೊನೆಯ ಡ್ರಾಯರಿಗೆ ಹಾಕಿದಳು.

ಅವನು ಮತ್ತೆ ಬರಲಿಲ್ಲ. ಒಂದು ವಾರ... ಒಂದು ತಿಂಗಳು... ನಾಲ್ಕು ತಿಂಗಳು.

'ಮರೆತೇಬಿಟ್ಟನಾ?' ಸಿಟ್ಟು ಬಂತು. ಆಮೇಲೆ ಅಳು ಬಂತು.

ಆಮೇಲೆ ಡ್ರಾಯರ್ ಸದ್ದು ಮಾಡತೊಡಗಿತು.

ಟಿಕ್... ಟಿಕ್... ಕೋಣೆಯಲ್ಲಿ ಅವಳೊಬ್ಬಳೇ ಇದ್ದಾಗ. ಜೊತೆಗೆ ಗಂಧಕದ ಘಾಟು. ಕಸ ಗುಡಿಸಲು ಬರುತ್ತಿದ್ದ ಆಯಮ್ಮ ಒಂದು ಮಧ್ಯಾಹ್ನ ಬಾಗಿಲಲ್ಲೇ ನಿಂತುಬಿಟ್ಟಳು.

"ಆ ಬಾವಲಿ ಬದುಕಿದ್ದಾನೋ ಇಲ್ವೋ ವಿಚಾರಿಸಮ್ಮಾ. ಅವನ ಕಲ್ಲಿರೋ ಡ್ರಾಯರನ್ನ ಯಾರೋ ಒಳಗಿಂದ ತಟ್ಟಿದ ಹಾಗಿದೆ."

ಅವಳು ಥಟ್ಟನೆ ಎದ್ದು ಡ್ರಾಯರ್ ಎಳೆದಳು.

ಟಿಕ್ ಎನ್ನುತ್ತಿದ್ದದ್ದು ಕಲ್ಲೇ; ಅದರ ಬುಡ ಬಿರಿದು ಬಿಳಿ ಪುಡಿ ಉದುರಿತ್ತು. ಕೂದಲ ಸುತ್ತಲಿದ್ದ ಅಗ್ಗದ ಗಂಧಕದ ಅದಿರು ತೇವ ಕುಡಿದು, ಆಮ್ಲ ಕಕ್ಕಿ, ಚೀಟಿಯನ್ನು ತಿಂದುಹಾಕಿತ್ತು. ಉಳಿದದ್ದು ಒಂದೇ ಸಾಲು.

'...ಗಣಿಯ ಬಾಯಿಗೆ ಗೋಡೆ ಕಟ್ಟುವವರೆಗೂ ಪ್ರತಿ ಶುಕ್ರವಾರ ಅಲ್ಲೇ ಕಾಯ್ತೀನಿ. ನೀವು ಬರದಿದ್ದರೆ ಬೇಡ ಅಂತ ತಿಳ್ಕೋತೀನಿ.'

ಯಾವ ಗಣಿ? ಆ ಜಾಗದಲ್ಲೇ ತೂತು.

ಅಂದು ಶುಕ್ರವಾರ. ಅವನು ಕಲ್ಲು ಹುಡುಕುತ್ತಿದ್ದ ಗುಡ್ಡದ ಐದು ಗಣಿಗಳ ಬಾಯನ್ನೂ ಆ ವಾರವೇ ಒಂದೊಂದಾಗಿ ಮುಚ್ಚುತ್ತಿದ್ದರು.

ಅಳುತ್ತ ಕೂತರೆ ಆಗುವಂತಿರಲಿಲ್ಲ. ಚೀಟಿ ಹೋದರೇನು, ಕಲ್ಲು ಇದೆಯಲ್ಲ! ಗೆರೆಯ ಬಣ್ಣ ನೋಡಲು ಒಂದೆಳೆಯನ್ನು ಬಿಳಿ ಪಿಂಗಾಣಿ ಬಿಲ್ಲೆಗೆ ಉಜ್ಜಿದಳು. ಹಸಿರು ಬೆರೆತ ಕಪ್ಪು ಗೆರೆ. ಇನ್ನೊಂದೆಳೆಯನ್ನು ಇದ್ದಿಲಿನ ಮೇಲಿಟ್ಟು ಊದುಕೊಳವೆಯಿಂದ ಉರಿ ಊದಿದಳು. ಅದು ಕರಗಿ ಸಣ್ಣ ಗುಂಡಾಯಿತು. ಆರಿದ ಮೇಲೆ ಅಯಸ್ಕಾಂತ ತಂದಳು. ಗುಂಡು ತಾನಾಗಿ ಉರುಳಿ ಬಂದು ಅಂಟಿಕೊಂಡಿತು.

ನಿಕ್ಕಲ್ ಮತ್ತು ಗಂಧಕ. ಕೂದಲಿನಂತೆ ಬೆಳೆಯುವ ಮಿಲ್ಲರೈಟ್ ಎಂಬ ಅದಿರು. ಹಳೆಯ ದಾಖಲೆಯ ಪ್ರಕಾರ ನಿಕ್ಕಲ್ ಸಿಕ್ಕಿದ್ದು ಮೂರನೆಯ ಗಣಿಯಲ್ಲಿ ಮಾತ್ರ.

ಅವಳು ಹೋಗುವಷ್ಟರಲ್ಲಿ ಗೋಡೆ ಎದೆಮಟ್ಟ ಎದ್ದಿತ್ತು.

"ಇಲ್ಲಿ ಒಬ್ಬರು ಕೂತಿರ್ತಿದ್ರಲ್ಲ?"

ಮೇಸ್ತ್ರಿ ಕರಣೆ ಕೆಳಗಿಟ್ಟ. "ಬೆಳಿಗ್ಗೆಯಿಂದ ನರಪಿಳ್ಳೆ ಇಲ್ಲಮ್ಮ. ಒಳಗಿಂದ ಟಕ್ ಟಕ್ ಅಂತ ಸದ್ದು ಬರುತ್ತೆ. ಹಳೇ ಗಣಿ, ಯಾರ್ಯಾರು ಸತ್ತಿದ್ದಾರೋ... ಬೇಗ ಮುಚ್ಚಿ ಹೋಗೋಣ ಅಂತಿದ್ದೀನಿ."

ಅವಳು ಮೇಸ್ತ್ರಿಯನ್ನು ಸರಿಸಿ ಗೋಡೆಯ ಮೇಲೆ ಬಗ್ಗಿ ಕತ್ತಲಿಗೆ ಕೂಗಿದಳು.

"ಬಾವಲೀ... ನಾನು ಬಂದಿದ್ದೀನಿ!"

ಸದ್ದು ನಿಂತಿತು.

ಕೂಗುತ್ತಲೇ ಇದ್ದಳು. ಗಂಟಲು ಬಿದ್ದುಹೋಯಿತು. ಕೊನೆಗೆ ಕತ್ತಲಿನಿಂದ ಒಂದು ಕೈ ಬಂದು ಇಟ್ಟಿಗೆ ಹಿಡಿಯಿತು. ಮೇಸ್ತ್ರಿ ಕಿರುಚಿ ಹಿಂದಕ್ಕೆ ಬಿದ್ದ. ಅವಳು ಮಾತ್ರ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ಬೆಚ್ಚಗಿತ್ತು.

"ಮುಂಜಾನೆ ಕೊನೇ ಸಲ ಅಂತ ಒಳಗೆ ಹೋದೆ," ಹೊರಬಂದು ಕೂತ ಅವನು ಮೆಲ್ಲಗೆ ಹೇಳಿದ. "ಟಾರ್ಚು ಕೆಟ್ಟುಹೋಯ್ತು. ದಾರಿ ತಪ್ಪಿ ಬಂಡೆ ಬಡೀತಾ ಇದ್ದೆ. ನಿಮ್ಮ ದನಿ ಕೇಳಿದಾಗ, ಸತ್ತೇಹೋದೆ ಅನ್ಕೊಂಡೆ."

"ನಾಲ್ಕು ತಿಂಗಳು ಕಾದ್ರಾ? ಒಂದು ಮಾತು ಬಂದು ಕೇಳ್ಬಾರ್ದಿತ್ತಾ?"

"ಬೇಡ ಅಂತ ಬಾಯಿಬಿಟ್ಟು ಹೇಳಿಬಿಟ್ರೆ, ಅಂತ ಹೆದರಿಕೆ."

"ನಾನು ಚೀಟಿ ಓದಿದ್ದೇ ಇವತ್ತು. ಅದೂ ಅರ್ಧ. ಇನ್ನೇನು ಬರೆದಿದ್ರಿ?"

ಅವನು ತಲೆ ತಗ್ಗಿಸಿದ. "ಕಲ್ಲು ಸಂಗ್ರಹಾಲಯಕ್ಕೆ ಕೊಡ್ತಿದ್ದೀನಿ. ನನ್ನನ್ನ ನೀವು ಇಟ್ಕೊಳ್ತೀರಾ? ಅಂತ."

ಅವಳು ಸೆರಗಿನಿಂದ ಅವನ ಹಣೆಯ ಮಣ್ಣು ಒರೆಸಿದಳು.

"ಮೊದಲು ಮುಖ ತೊಳ್ಕೊಳ್ಳಿ. ಹೀಗೇ ಕರ್ಕೊಂಡು ಹೋದ್ರೆ ಅಮ್ಮ ಹೆದರಿ ಬಾಗಿಲೇ ತೆಗೆಯಲ್ಲ."

"ಅಂದ್ರೆ...?"

"ಅಂದ್ರೆ ಮನೆಗೆ ಹೋಗೋಣ, ನಡೀರಿ."