ಎಕ್ಸ್‌ರೇಯಲ್ಲಿ ಮೂರು ಬೆರಳು

ಆ ನೀಲಿ ಏಪ್ರನ್ನಿನ ವಾಸನೆ ಸಾತ್ವಿಕಾಳಿಗೆ ಗುರುತಿನದು. ಅವಳು ಅಂಗನವಾಡಿಗೆ ಹೋಗುತ್ತಿದ್ದ ದಿನಗಳಲ್ಲಿ ಭೋಜಣ್ಣನ ರಿಕ್ಷಾದ ಸೀಟಿನಿಂದ ಇಂಥದೇ ವಾಸನೆ ಬರುತ್ತಿತ್ತು. ಬಿಸಿಲಿಗೆ ಕಾದ ರೆಕ್ಸಿನ್, ಅದರ ಮೇಲೆ ಒರೆಸಿದ ಸೋಪಿನ ನೀರು. ಆ ಸೀಟಿಗೆ ಕೆನ್ನೆ ಒತ್ತಿ ಅವಳು ಮನೆ ಬರುವವರೆಗೂ ನಿದ್ದೆ ಮಾಡುತ್ತಿದ್ದಳು.

ಆದರೆ ಈ ಏಪ್ರನ್ ತೊಡೆಯ ಮೇಲೆ ಕುಳಿತ ಕರುವಿನಷ್ಟು ಭಾರವಿತ್ತು.

“ನೋಡು, ಎಷ್ಟು ಭಾರ ಉಂಟು,” ಎಂದರು ರಂಜಿತ್ ಮಾವ. ಗೋಡೆಯ ಕೊಕ್ಕೆಯಿಂದ ಅದನ್ನು ತೆಗೆದು ತಂದವರು ಅವರೇ. “ಒಳಗೆ ಸೀಸ ಹಾಕಿದ್ದಾರೆ. ಎಕ್ಸ್‌ರೇ ಕಿರಣ ಇದನ್ನು ದಾಟಿ ಬರುದಿಲ್ಲ.”

ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಸಣ್ಣಗೆ ನಕ್ಕಳು. ಅವಳ ಬಿಳಿ ಕೋಟಿನ ಮೇಲೆ ಖದೀಜ ಎಂದು ಬರೆದಿತ್ತು. ಎಕ್ಸ್‌ರೇ ತೆಗೆಯುವುದು ಅವಳ ಕೆಲಸ.

“ಸರ್, ಅದು ಇವಳಿಗಲ್ಲ. ಸಣ್ಣ ಮಕ್ಕಳನ್ನು ಹಿಡ್ಕೊಳ್ಳಲಿಕ್ಕೆ ದೊಡ್ಡವರು ಒಳಗೆ ಬರ್ತಾರಲ್ಲ, ಅವರಿಗೆ.”

“ದೊಡ್ಡವರಿಗೆ ಉಂಟು, ಮಕ್ಕಳಿಗೆ ಇಲ್ವಾ? ಇದೆಂತ ಲೆಕ್ಕ? ನಾನು ದೋಹಾದಲ್ಲಿ ಆಸ್ಪತ್ರೆಯಲ್ಲೇ ಇರುದು. ಮಕ್ಕಳಿಗೆ ಇಡುದನ್ನು ಕಂಡಿದ್ದೇನೆ.”

ಮಾವ ಅಲ್ಲಿ ಆಸ್ಪತ್ರೆಯ ವ್ಯಾನ್ ಓಡಿಸುತ್ತಿದ್ದರು. ಅದನ್ನು ಅವರು ಹೇಳಲಿಲ್ಲ. ಪಕ್ಕದಲ್ಲಿದ್ದ ಅಮ್ಮನೂ ಹೇಳಲಿಲ್ಲ.

ಮುಂಡಾಜೆಯ ಶಾಲೆಯಲ್ಲಿ ಲಾಂಗ್ ಜಂಪ್ ಮಾಡುವಾಗ ಸಾತ್ವಿಕಾ ಬಿದ್ದು ಹತ್ತು ದಿನ ಆಗಿತ್ತು. ಇನ್ನೂ ಬಲಗಾಲು ಊರಿದರೆ ಸೊಂಟದ ಹತ್ತಿರ ಚುಚ್ಚುತ್ತಿತ್ತು. ಇವತ್ತು ಮಾವ ಅವಳನ್ನೂ ಅಮ್ಮನನ್ನೂ ಕಾರಿನಲ್ಲಿ ಗುರುವಾಯನಕೆರೆಯ ಈ ಆಸ್ಪತ್ರೆಗೆ ಕರೆತಂದಿದ್ದರು. ಮಹಡಿಯ ಮೇಲಿನ ಡಾಕ್ಟರು ಕಾಲು ಮಡಚಿ, ತಿರುಗಿಸಿ ನೋಡಿದರು. “ಕೀಲಿನ ಮೂಳೆ ನನಗೆ ಸರಿಯಾಗಿ ಕಾಣಬೇಕು. ಅದಕ್ಕೆ ಏನಾದರೂ ಆಗಿದ್ದರೆ ಇವಳು ತಿಂಗಳುಗಟ್ಟಲೆ ಮಲಗಬೇಕಾದೀತು,” ಎಂದು ಹೇಳಿ ಕೆಳಗೆ ಎಕ್ಸ್‌ರೇಗೆ ಕಳಿಸಿದ್ದರು.

ಖದೀಜ ಸಾತ್ವಿಕಾಳ ತೊಡೆಯಿಂದ ಏಪ್ರನ್ ಎತ್ತಿ ಮಾವನ ಕೈಗೆ ವಾಪಸು ಕೊಟ್ಟಳು. “ಮೊದಲು ಮಕ್ಕಳ ಸೊಂಟದ ಎಕ್ಸ್‌ರೇಗೆ ಒಂದು ಸೀಸದ ತುಂಡು ಇಡುವ ಕ್ರಮ ಇತ್ತು ಸರ್. ಈಗ ಹೆಚ್ಚಾಗಿ ಬೇಡ ಅಂತ ಹೇಳ್ತಾರೆ. ಈಗಿನ ಮಿಷಿನಿಗೆ ಸ್ವಲ್ಪ ಕಿರಣ ಸಾಕು. ಸೀಸ ಇಟ್ಟರೆ ಅದರ ಅಡಿಯಲ್ಲಿ ಇರುವುದು ಫೋಟೋದಲ್ಲಿ ಕಾಣುದಿಲ್ಲ.”

“ಅಣ್ಣ, ಅವರಿಗೆ ಗೊತ್ತಿರ್ತದೆ,” ಎಂದರು ಅಮ್ಮ.

“ಶಶಿ, ಹೆಣ್ಣು ಮಗು ಇದು. ನಾಳೆ ಮದುವೆ ಆಗಿ ಮಕ್ಕಳಾಗುವ ಸಮಯದಲ್ಲಿ ಎಂತಾದರೂ ಆದರೆ ಯಾರಿಗೆ ಕೇಳುದು?”

ಅಮ್ಮನ ಮುಖ ಸಣ್ಣದಾಯಿತು. ಖದೀಜಳನ್ನು ನೋಡಿ, “ಸಣ್ಣದೊಂದಾದರೂ ಇಡ್ಲಿಕ್ಕೆ ಆಗ್ತದಾ ಮೇಡಂ? ಇಲ್ಲದಿದ್ದರೆ ನನಗೆ ಮನಸ್ಸಿಗೆ ಸಮಾಧಾನ ಇರುದಿಲ್ಲ,” ಎಂದರು.

ಖದೀಜ ಸಾತ್ವಿಕಾಳಿಗೆ ಒಳಗೆ ಬಾ ಎಂದು ಕೈ ಮಾಡಿದಳು. “ಆಗಲಿ ಅಕ್ಕ. ಸಣ್ಣದು ಇಡ್ತೇನೆ. ಆದರೆ ಅದು ಒಂಚೂರೂ ಸರಿಯಬಾರದು.”

ಒಳಗೆ ಎಸಿ ಇತ್ತು. ಮೇಜು ತಣ್ಣಗಿತ್ತು. ಸಾತ್ವಿಕಾ ಅಂಗಾತ ಮಲಗಿದಳು. ಮೇಲಿನ ಮಿಷಿನಿನಿಂದ ಅವಳ ಸೊಂಟದ ಮೇಲೆ ಬೆಳಕಿನ ಒಂದು ಚೌಕ ಬಿತ್ತು. ಖದೀಜ ಏನನ್ನೋ ತಿರುಗಿಸುತ್ತ ಆ ಚೌಕವನ್ನು ಚಿಕ್ಕದು ಮಾಡಿದಳು, ಇನ್ನೂ ಚಿಕ್ಕದು ಮಾಡಿದಳು. ಆಮೇಲೆ ಹೊಟ್ಟೆಯ ಕೆಳಗೆ, ನಡುವಿನಲ್ಲಿ, ಅಂಗೈಯಷ್ಟು ಅಗಲದ ಸೀಸದ ತುಂಡನ್ನು ಇಟ್ಟು ತೆಳ್ಳಗಿನ ಬಟ್ಟೆ ಹೊದೆಸಿದಳು.

“ಕೈ ಎದೆಯ ಮೇಲೆ ಇಟ್ಟುಕೊ ಮಗಾ. ಅಲುಗಾಡಬೇಡ. ನಾನು ಆ ಗೋಡೆಯ ಹಿಂದೆ ಇರ್ತೇನೆ.”

ಸಾತ್ವಿಕಾ ಒಬ್ಬಳೇ ಆದಳು. ಸೀಸದ ತುಂಡು ಹೊಟ್ಟೆಯ ಮೇಲೆ ತಣ್ಣಗೆ ಕೂತಿತ್ತು. ಅಲ್ಲಿ ಅವಳಿಗೆ ನೋವೇ ಇರಲಿಲ್ಲ. ನೋವು ಇದ್ದದ್ದು ಬಲಕ್ಕೆ, ನಾಲ್ಕು ಬೆರಳಿನಷ್ಟು ಆಚೆ. ಪಾಪ, ಆ ಜಾಗಕ್ಕೆ ಏನೂ ಇಲ್ಲ. ಪೆಟ್ಟಾದ ಜಾಗಕ್ಕೇ ಅಲ್ಲವೇ ಮೊದಲು ರಕ್ಷಣೆ ಬೇಕಾದದ್ದು? ಅಕ್ಕನಿಗೆ ಮರೆತುಹೋಗಿರಬೇಕು.

ಅವಳು ಬಟ್ಟೆಯ ಅಡಿಗೆ ಕೈ ಹಾಕಿ ತುಂಡನ್ನು ಮೆಲ್ಲಗೆ ಬಲಕ್ಕೆ ಎಳೆದುಕೊಂಡಳು. ಜಾರದ ಹಾಗೆ ಹಿಡಿದೂ ಕೊಂಡಳು.

ಮಿಷಿನ್ ಒಂದು ಸಲ ಗುಂಯ್ ಎಂದಿತು. ಅಷ್ಟೇ.

“ಆಯ್ತು. ನೀವೂ ಬನ್ನಿ ಅಕ್ಕ,” ಎಂದು ಖದೀಜ ಬಾಗಿಲು ತೆರೆದಳು. ಆಮೇಲೆ ಕಂಪ್ಯೂಟರಿನ ಮುಂದೆ ಹೋಗಿ ಬಗ್ಗಿ ನೋಡಿದಳು.

ಪರದೆಯ ಮೇಲೆ ಸಾತ್ವಿಕಾಳ ಸೊಂಟದ ಮೂಳೆಗಳು ಮೋಡದ ಹಾಗೆ ಕಾಣುತ್ತಿದ್ದವು. ಬಲಬದಿಯ ಕೀಲು ಇರಬೇಕಾದಲ್ಲಿ ಅಚ್ಚ ಬಿಳಿ ಗುರುತು. ಗೋಡೆಗೆ ಸುಣ್ಣ ಬಳಿದ ಹಾಗೆ, ಅದರ ಹಿಂದಿನದೇನೂ ಕಾಣುತ್ತಿರಲಿಲ್ಲ.

ಫೋನು ಹೊಡೆದುಕೊಂಡಿತು. ಮೇಲೆ ತಮ್ಮ ಕಂಪ್ಯೂಟರಿನಲ್ಲಿ ಅದೇ ಫೋಟೋ ನೋಡಿದ ಡಾಕ್ಟರು. “ಹೌದು ಸರ್,” ಎಂದಳು ಖದೀಜ. “ಸೀಸ ಅಡ್ಡ ಬಂತು. ನಾನು ಇನ್ನೊಮ್ಮೆ ನೋಡಬೇಕಿತ್ತು. ನನ್ನಿಂದ ತಪ್ಪಾಯ್ತು ಸರ್.”

ಅಮ್ಮನ ಹಿಂದೆಯೇ ಒಳಗೆ ಬಂದಿದ್ದ ಮಾವ ಅದನ್ನು ಕೇಳಿಸಿಕೊಂಡರು. “ಎಂತ, ಇನ್ನೊಮ್ಮೆ ತೆಗೀಬೇಕಾ? ಕಿರಣ ಕಡಿಮೆ ತಾಗಲಿ ಅಂತ ನಾನು ಹೇಳಿದರೆ ನೀವು ಎರಡೆರಡು ಸಲ ಕೊಡುದಾ?” ದನಿ ಏರಿಸದೆಯೇ ಹೇಳಿದರು. ಅದು ಕೂಗಿದ್ದಕ್ಕಿಂತ ಕಷ್ಟವಾಗಿತ್ತು. “ಎಷ್ಟು ಸಮಯ ಆಯ್ತು ಇಲ್ಲಿ ಸೇರಿ?”

“ಮೂರು ತಿಂಗಳು ಸರ್.”

“ಅದೇ. ಶಶಿ, ನಡಿ, ಮಂಗಳೂರಿಗೆ ಹೋಗುವ. ಇವರ ಓನರಿಗೆ ನಾನು ಆಮೇಲೆ ಫೋನ್ ಮಾಡ್ತೇನೆ. ಕೆಲಸ ಬಾರದವರನ್ನು ಮಕ್ಕಳ ಹತ್ತಿರ ಬಿಡುದು ಅಂದರೆ ಎಂತದು.”

ಖದೀಜ ತಲೆಬಟ್ಟೆಯ ಅಂಚನ್ನು ಸುಮ್ಮನೆ ಸರಿಮಾಡಿಕೊಂಡಳು. ಅವಳ ಕಿವಿಯ ಹತ್ತಿರ ಕೆಂಪಾಗಿತ್ತು.

ಮೇಜಿನಿಂದ ಇಳಿದ ಸಾತ್ವಿಕಾ ಪರದೆಯನ್ನೇ ನೋಡುತ್ತಿದ್ದಳು. ಬಿಳಿ ಗುರುತಿನ ಅಂಚಿನಲ್ಲಿ ಏನೋ ಇತ್ತು. ಸಣ್ಣ ಸಣ್ಣ ಮೂರು ಮೂಳೆಗಳು, ಬಟಾಣಿ ಕೋಡಿನ ತುದಿಗಳ ಹಾಗೆ. ಅವಳು ತನ್ನ ಬಲಗೈ ನೋಡಿಕೊಂಡಳು. ಮತ್ತೆ ಪರದೆ ನೋಡಿದಳು.

ಖದೀಜಳೂ ಅದನ್ನೇ ನೋಡುತ್ತಿದ್ದಳು. ಸಾತ್ವಿಕಾ ನೋಡಿದ್ದು ಗೊತ್ತಾದ ಕೂಡಲೇ ಅವಳು ಪರದೆಯ ಮೇಲಿನ ಚಿತ್ರವನ್ನು ಮುಚ್ಚಿಬಿಟ್ಟಳು.

ಸಾತ್ವಿಕಾ ತನ್ನ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಹೇಳಿದರೆ ಅಮ್ಮ ಬೈಯುತ್ತಾರೆ. ಮಾವನಿಗೂ ಸಿಟ್ಟು ಬರುತ್ತದೆ. ಹೇಳದಿದ್ದರೆ ಕಾರು ಹತ್ತಿ ಹೋಗಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಈ ಅಕ್ಕನಿಗೆ ಮಾತ್ರ ಗೊತ್ತು. ಅವಳು ಹೇಳುವುದಿಲ್ಲ.

ಮಾವ ಆಗಲೇ ಬಾಗಿಲಿಗೆ ಹೋಗಿದ್ದರು.

“ಮಾವ, ಅದನ್ನು ಸರಿಸಿದ್ದು ನಾನು,” ಎಂದಳು ಸಾತ್ವಿಕಾ.

ಮಾವ ಬಾಗಿಲಲ್ಲೇ ನಿಂತು ತಿರುಗಿದರು.

“ಎಂತ ಹೇಳ್ತಿದ್ದಿ ನೀನು?” ಎಂದರು ಅಮ್ಮ.

“ಅಕ್ಕ ಸರಿಯಾಗಿಯೇ ಇಟ್ಟಿದ್ದರು. ನಾನೇ ನೋವಿದ್ದ ಕಡೆಗೆ ಎಳ್ಕೊಂಡದ್ದು. ಅಲ್ಲಿಗೇ ರಕ್ಷಣೆ ಬೇಕು ಅಂತ ಮಾಡಿದೆ. ಫೋಟೋದಲ್ಲಿ ನನ್ನ ಬೆರಳು ಉಂಟು.”

ಮಾವ ವಾಪಸು ಬಂದರು. ಖದೀಜ ಮನಸ್ಸಿಲ್ಲದ ಮನಸ್ಸಿನಿಂದ ಚಿತ್ರವನ್ನು ಮತ್ತೆ ತೆರೆದಳು. ಮಾವ ಕನ್ನಡಕ ಹಾಕಿಕೊಂಡು ಮೂರು ಬೆರಳುಗಳನ್ನು ತುಂಬ ಹೊತ್ತು ನೋಡಿದರು.

“ನಿಮಗೆ ಇದು ಗೊತ್ತಿತ್ತಲ್ಲ,” ಎಂದರು.

“ಅವಳು ಮಗು ಸರ್. ಬಟ್ಟೆ ಹೊದೆಸಿದ ಮೇಲೆ ನಾನೂ ಒಮ್ಮೆ ನೋಡಬೇಕಿತ್ತು.”

ಸಾತ್ವಿಕಾ ಖದೀಜಳ ಕೋಟಿನ ತೋಳು ಮುಟ್ಟಿದಳು. “ಅಕ್ಕ, ಸೀಸ ಇಡದಿದ್ದರೆ ನನಗೆ ಏನಾದರೂ ಆಗ್ತದಾ?”

ಖದೀಜ ಮೊಣಕಾಲೂರಿ ಅವಳ ಎತ್ತರಕ್ಕೆ ಕುಳಿತಳು.

“ಸ್ವಲ್ಪ ಕಿರಣ ತಾಗ್ತದೆ. ತಾಗುದೇ ಇಲ್ಲ ಅಂದರೆ ಸುಳ್ಳಾಗ್ತದೆ. ಅದು ತುಂಬ ಕಡಿಮೆ, ಅದಕ್ಕೇ ಆ ಬೆಳಕಿನ ಚೌಕವನ್ನು ಅಷ್ಟು ಸಣ್ಣ ಮಾಡುದು. ಆದರೆ ಮೂಳೆಗೆ ಎಂತಾಗಿದೆ ಅಂತ ಗೊತ್ತಾಗದೆ ಹೋದರೆ ಅದು ದೊಡ್ಡ ಕಷ್ಟ. ಮೂರನೆಯ ಸಲ ತೆಗೀಲಿಕ್ಕೆ ನನಗೆ ಸ್ವಲ್ಪವೂ ಇಷ್ಟ ಇಲ್ಲ ಮಗಾ.”

ಸಾತ್ವಿಕಾ ಅಮ್ಮನ ಕಡೆ ನೋಡಿದಳು. ಅಮ್ಮ ಮಾವನ ಕಡೆ ನೋಡಲಿಲ್ಲ. “ಇಡುದು ಬೇಡ ಮೇಡಂ. ನಿಮ್ಮ ಕ್ರಮದಲ್ಲೇ ತೆಗೀರಿ,” ಎಂದರು.

ಮಾವ ಏಪ್ರನ್ನನ್ನು ಕೊಕ್ಕೆಗೆ ನೇತುಹಾಕಿ ಹೊರಗೆ ಹೋಗಿ, ಚೀಟಿ ಬರೆಯುವವಳ ಹತ್ತಿರದ ಬೆಂಚಿನಲ್ಲಿ ಕೂತರು.

ಈ ಸಲ ಸಾತ್ವಿಕಾ ಎರಡೂ ಕೈಗಳನ್ನು ಎದೆಯ ಮೇಲೆ ಹೆಣೆದುಕೊಂಡಳು. ಮೂಗಿನ ತುದಿ ತುರಿಸಿತು. ತುರಿಸಲಿ ಎಂದು ಬಿಟ್ಟಳು. ಬೆಳಕಿನ ಚೌಕ ಚಿಕ್ಕದಾಗುತ್ತಾ ಬಂದು ನಿಂತಿತು. ಅಕ್ಕ ಗೋಡೆಯ ಹಿಂದಿನಿಂದ ಒಮ್ಮೆ ಇಣುಕಿದಳು, ಇನ್ನೊಮ್ಮೆ ಬಂದು ನೋಡಿ ಹೋದಳು. ತನ್ನ ಮೇಲೆ ಈಗ ಏನೂ ಇಲ್ಲದಿದ್ದರೂ ಸಾತ್ವಿಕಾಳಿಗೆ ಯಾಕೋ ಹೆದರಿಕೆ ಆಗಲಿಲ್ಲ.

ಗುಂಯ್.

ಹತ್ತು ನಿಮಿಷದ ನಂತರ ಡಾಕ್ಟರು ಮೇಲೆ ಕರೆದು ಹೇಳಿದರು: ಮೂಳೆ ಸರಿಯಾಗಿದೆ, ಕೀಲಿನ ಒಳಗೆ ಸ್ವಲ್ಪ ಊತ, ಎರಡು ವಾರ ಓಡುವ ಹಾಗಿಲ್ಲ. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಬೈಯುವುದನ್ನು ಮನೆಗೆ ಇಟ್ಟುಕೊಂಡ ಹಾಗಿತ್ತು.

ಕೆಳಗೆ ಬರುವಾಗ ಗೋಡೆಯ ಗಡಿಯಾರದಲ್ಲಿ ಮೂರು ಗಂಟೆಗೆ ಹತ್ತು ನಿಮಿಷ ಇತ್ತು. ಎಕ್ಸ್‌ರೇ ಕೋಣೆಯ ಹೊರಗೆ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಕಾಯುತ್ತಿದ್ದಳು. ಚೀಟಿ ಬರೆಯುವವಳು ಮತ್ತೊಮ್ಮೆ ಒಳಗೆ ಇಣುಕಿ, “ಇನ್ನೂ ಊಟಕ್ಕೆ ಹೋಗುದಿಲ್ವಾ ಮಾರಾಯ್ತಿ? ಇನ್ನು ಹೋಟ್ಲಲ್ಲಿ ಅನ್ನ ಇರ್ಲಿಕ್ಕಿಲ್ಲ,” ಎಂದಳು. “ಈ ಕೂಸಿನದ್ದು ಆಗಲಿ. ಮತ್ತೆ ನೋಡುವ,” ಎಂದು ಖದೀಜ ಬಾಟಲಿಯ ನೀರು ಕುಡಿದಳು.

ಕಾರಿನಲ್ಲಿ ಮಾವ ಇರಲಿಲ್ಲ. “ಎಲ್ಲಿ ಹೋದದ್ದು ಅಣ್ಣ?” ಎಂದು ಅಮ್ಮ ಫೋನು ತೆಗೆಯುವಷ್ಟರಲ್ಲಿ ರಸ್ತೆಯ ಆಚೆಯಿಂದ ಮಾವ ಬಂದರು. ಕೈಯಲ್ಲಿ ಹೋಟೆಲಿನ ಒಂದು ಚೀಲ. ಬಾಳೆಎಲೆಯಲ್ಲಿ ಕಟ್ಟಿದ ಅನ್ನದ ಪಾರ್ಸೆಲ್, ಮೀನುಸಾರಿನ ಸಣ್ಣ ಡಬ್ಬಿ. ಒಬ್ಬರಿಗಾಗುವಷ್ಟೇ.

ಅವರು ಕಾರಿಗೆ ಬರದೆ ನೇರ ಒಳಗೆ ಹೋದರು.

ಸಾತ್ವಿಕಾ ಕುಂಟುತ್ತ ಗಾಜಿನ ಬಾಗಿಲಿನವರೆಗೆ ಹೋಗಿ ನಿಂತಳು. ಒಳಗೆ ಹೋಗಲಿಲ್ಲ, ಕರೆಯಲೂ ಇಲ್ಲ. ಮಾವ ಎಕ್ಸ್‌ರೇ ಕೋಣೆಯ ಹೊರಗೆ ನಿಂತಿದ್ದರು. ಕೂಸಿನ ಕೆಲಸ ಮುಗಿದು ಖದೀಜ ಹೊರಬಂದಾಗ ಅವರು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಮಾಡಿದರು.

“ಬಿಸಿ ಉಂಟು,” ಎಂದರು.